ಬಂಗಾರ ಕೆಂಪಾದಾಗ

ಎಲ್ಲರಿಗೂ ನಮಸ್ಕಾರ.

ಮೆಡಿಕಲ್ ಶಾಪಿನಲ್ಲಿ ಸಿಗುವ ಗರ್ಭ ಪರೀಕ್ಷೆಯ ಕಿಟ್ ನಿಮಗೆ ಗೊತ್ತು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡುತ್ತಿದ್ದ ಆಂಟಿಜೆನ್ ಟೆಸ್ಟೂ ಅದೇ ಜಾತಿಯದು. ಅದರಲ್ಲಿ ಮೂಡುವ ಕೆಂಪು ಗೆರೆ ಏನು? ಶಾಯಿಯೋ ಬಣ್ಣವೋ ಅಂದುಕೊಂಡಿರುತ್ತೀರಿ. ಹೆಚ್ಚಿನ ಕಿಟ್‌ಗಳಲ್ಲಿ ಅದು ಅಪ್ಪಟ ಬಂಗಾರ. ಹಾಗಂತ ಕಿಟ್ ಒಡೆದು ಹುಡುಕಬೇಡಿ, ಯಾವ ಅಕ್ಕಸಾಲಿಗನ ತಕ್ಕಡಿಗೂ ಸಿಗದಷ್ಟು ಕಡಿಮೆ ಇರುತ್ತದೆ.

ಒಳಗೆ ನಡೆಯುವುದು ಇಷ್ಟು. ಮೂತ್ರದ ಹನಿ ಬೀಳುವ ಜಾಗದ ಪಕ್ಕದಲ್ಲೇ ಬಂಗಾರದ ಕಣಗಳನ್ನು ಒಣಗಿಸಿ ಇಟ್ಟಿರುತ್ತಾರೆ. ಒಂದೊಂದೂ ಸುಮಾರು 40 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ಕಣದ ಮೈಗೆ ಆಂಟಿಬಾಡಿಗಳು ಅಂಟಿಕೊಂಡಿರುತ್ತವೆ, ಅವು ಗರ್ಭ ನಿಂತಾಗ ಮೈಯಲ್ಲಿ ಹುಟ್ಟುವ ಎಚ್‌ಸಿಜಿ ಹಾರ್ಮೋನನ್ನು ಹಿಡಿಯುತ್ತವೆ. ಪಟ್ಟಿ ನೀರನ್ನು ಹೀರಿಕೊಳ್ಳುತ್ತಾ ಹೋದಂತೆ ಕಣಗಳೂ ಮುಂದಕ್ಕೆ ಸಾಗುತ್ತವೆ. ‘ಟಿ’ ಗೆರೆಯಲ್ಲಿ ಇನ್ನೊಂದು ಆಂಟಿಬಾಡಿ ಕಾದು ಕೂತಿರುತ್ತದೆ. ಹಾರ್ಮೋನ್ ಹಿಡಿದು ಬಂದ ಕಣಗಳು ಅಲ್ಲಿ ಸಿಕ್ಕಿಹಾಕಿಕೊಂಡು ರಾಶಿಯಾದಾಗ ಕಣ್ಣಿಗೆ ಕೆಂಪು ಗೆರೆ ಕಾಣುತ್ತದೆ. ಹಾರ್ಮೋನ್ ಇರಲಿ, ಬಿಡಲಿ, ‘ಸಿ’ ಗೆರೆ ಮೂಡಲೇಬೇಕು. ಅದು ಬರದಿದ್ದರೆ ಆ ಟೆಸ್ಟನ್ನು ನಂಬಬೇಡಿ.

ಹಳದಿ ಬಂಗಾರ ಕೆಂಪಾಗಿದ್ದು ಹೇಗೆ? ಬಂಗಾರದ ಒಳಗೆ ಎಲೆಕ್ಟ್ರಾನುಗಳು ಸ್ವತಂತ್ರವಾಗಿ ಓಡಾಡಿಕೊಂಡಿರುತ್ತವೆ. ಕಣ ತುಂಬಾ ಚಿಕ್ಕದಾದಾಗ, ಬೆಳಕು ಬಿದ್ದರೆ ಅವೆಲ್ಲ ಒಟ್ಟಿಗೆ ಅತ್ತಿತ್ತ ಹೊಯ್ದಾಡುತ್ತವೆ, ಅರ್ಧ ತುಂಬಿದ ಕೊಡದಲ್ಲಿ ನೀರು ತುಳುಕುವ ಹಾಗೆ. ಆ ಹೊಯ್ದಾಟಕ್ಕೆ ಸರಿಹೊಂದುವ ಬೆಳಕನ್ನು ಕಣ ನುಂಗಿಬಿಡುತ್ತದೆ. ಇಲ್ಲಿ ಅದು ಹಸಿರು, ಸುಮಾರು 520 ನ್ಯಾನೋಮೀಟರ್ ಅಲೆಯುದ್ದದ್ದು. ಹಸಿರು ಹೋದ ಮೇಲೆ ನಮಗೆ ಉಳಿಯುವುದು ಕೆಂಪು. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಇಂಥ ಕೆಂಪು ಬಂಗಾರದ ದ್ರಾವಣ ಮಾಡಿ 1857ರಲ್ಲೇ ಅದರ ಬಗ್ಗೆ ಬರೆದಿದ್ದರು. ವಿದ್ಯುತ್ತಿನ ಫ್ಯಾರಡೆ ಅಂತಷ್ಟೇ ನಮಗೆ ಪಾಠದಲ್ಲಿ ಹೇಳಿಕೊಟ್ಟರು, ಅಲ್ವಾ?

ಈಗ ಮೊಬೈಲ್ ಟಾರ್ಚ್ ಆನ್ ಮಾಡಿ ಬೆರಳಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿಯಿರಿ. ಬೆರಳು ಕೆಂಪಗೆ ಹೊಳೆಯುತ್ತದೆ. ಟಾರ್ಚಿನಿಂದ ಬಂದದ್ದು ಬಿಳಿ ಬೆಳಕು. ಅದರ ನೀಲಿ, ಹಸಿರನ್ನು ರಕ್ತ ನುಂಗಿತು, ಕೆಂಪು ದಾಟಿ ಬಂತು. ಕೆಂಪಿನಿಂದಾಚೆ ಕಣ್ಣಿಗೆ ಕಾಣದ ಬೆಳಕೂ ದಾಟುತ್ತದೆ. ಇನ್ನೂ ಆಚೆ ಹೋದರೆ ಮೈಯಲ್ಲಿರುವ ನೀರೇ ಅದನ್ನು ಹೀರಿಕೊಳ್ಳುತ್ತದೆ. ಹಾಗಾಗಿ ವೈದ್ಯರಿಗೆ ಸಿಗುವ ಕಿಟಕಿ ಹೆಚ್ಚುಕಡಿಮೆ 650ರಿಂದ 950 ನ್ಯಾನೋಮೀಟರ್‌ವರೆಗೆ ಮಾತ್ರ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೆಲಸ ಮಾಡುವುದೂ ಈ ಕಿಟಕಿಯಿಂದಲೇ.

520ರ ಬಂಗಾರದ ಗುಂಡು ಈ ಕಿಟಕಿಯ ಹೊರಗೆ ಉಳಿಯಿತು. ಅದನ್ನು ಒಳಗೆ ತರುವುದು ಹೇಗೆ? ಆಕಾರ ಬದಲಿಸಬೇಕು. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ನವೋಮಿ ಹ್ಯಾಲಸ್ ತಂಡ ಗಾಜಿನಂಥ ಸಿಲಿಕಾ ಗುಂಡಿನ ಮೇಲೆ ಬಂಗಾರದ ತೆಳು ಚಿಪ್ಪು ಹೊದಿಸಿತು. ಚಿಪ್ಪು ತೆಳುವಾದಷ್ಟೂ ಅದು ನುಂಗುವ ಬೆಳಕು ಕೆಂಪಿನ ಕಡೆಗೆ, ಅದರಾಚೆಗೂ ಸರಿಯುತ್ತದೆ. ನುಂಗಿದ ಬೆಳಕು ಬಿಸಿಯಾಗಿ ಹೊರಬರುತ್ತದೆ. ಕ್ಯಾನ್ಸರಿಗೆ ಚಿಕಿತ್ಸೆ ಅನ್ನುವುದು ಈ ಬಿಸಿಯೇ. ಕಣಗಳನ್ನು ರಕ್ತನಾಳಕ್ಕೆ ಕೊಡುತ್ತಾರೆ. ಗಡ್ಡೆಯ ರಕ್ತನಾಳಗಳಲ್ಲಿ ಸಂದು ಜಾಸ್ತಿ, ಕೆಲವು ಕಣ ಅಲ್ಲಿ ನುಸುಳಿ ಕೂರುತ್ತವೆ. ಮರುದಿನ ಲೇಸರ್ ಬಿಟ್ಟರೆ ಕಣ ಇರುವ ಕಡೆ ಮಾತ್ರ ಸುಡುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ 16 ಜನರ ಮೇಲೆ ಇದನ್ನು ಮಾಡಿ ನೋಡಿದ ವರದಿ 2019ರಲ್ಲಿ ಬಂತು. 15 ಜನರಲ್ಲಿ ಚಿಕಿತ್ಸೆ ಪೂರ್ತಿಯಾಯಿತು. ಒಳ್ಳೆಯ ಸುದ್ದಿಯೇ, ಆದರೆ 16 ಅನ್ನುವುದು ತೀರಾ ಚಿಕ್ಕ ಸಂಖ್ಯೆ.

ರೋಗ ಪತ್ತೆಯ ಕಡೆ ಇನ್ನೊಂದು ದಾರಿ ಇದೆ, ಅದಕ್ಕೆ ನಮ್ಮ ಬೆಂಗಳೂರಿನ ನಂಟೂ ಉಂಟು. ಅಣುವಿಗೆ ಬಡಿದು ಚದುರುವ ಬೆಳಕಿನಲ್ಲಿ ಕೊಂಚ ಪಾಲು ಬಣ್ಣ ಬದಲಿಸುತ್ತದೆ, ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತದಲ್ಲಿ ಕಂಡ ಈ ಪರಿಣಾಮ ಒಂದೊಂದು ಅಣುವಿಗೂ ಅದರದೇ ಗುರುತು ಕೊಡುತ್ತದೆ, ಆದರೆ ಬಣ್ಣ ಬದಲಾದ ಆ ಬೆಳಕು ಬಹಳ ಕ್ಷೀಣ. 1933ರಲ್ಲಿ ಅವರು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಣು ಒರಟು ಬೆಳ್ಳಿಗೆ ಅಂಟಿಕೊಂಡರೆ ಅದೇ ಕ್ಷೀಣ ಬೆಳಕು ಲಕ್ಷಗಟ್ಟಲೆ ಪಟ್ಟು ಜೋರಾಗುತ್ತದೆ ಅನ್ನುವುದು ಜನರಿಗೆ ಗೊತ್ತಾಗಿದ್ದು 1970ರ ದಶಕದಲ್ಲಿ, ರಾಮನ್ ತೀರಿಕೊಂಡ ಮೇಲೆ. ಬಂಗಾರದ ಕಣದ ಮೇಲೂ ಹೀಗೇ ಆಗುತ್ತದೆ.

ಇನ್ನು ತೊಡಕಿನ ಮಾತು. ‘ನ್ಯಾನೋ ಕಣ ನೇರವಾಗಿ ಕ್ಯಾನ್ಸರಿಗೇ ಹೋಗುತ್ತದೆ’ ಅನ್ನುವ ಸುದ್ದಿಗಳನ್ನು ಸುಮ್ನೆ ನಂಬಬೇಡಿ. ಪ್ರಾಣಿಗಳ ಮೇಲೆ ನಡೆದ ಹತ್ತು ವರ್ಷಗಳ ಪ್ರಯೋಗಗಳನ್ನು ಟೊರಾಂಟೊದ ತಂಡವೊಂದು 2016ರಲ್ಲಿ ಒಟ್ಟಿಗೆ ಇಟ್ಟು ಲೆಕ್ಕ ಹಾಕಿತು. ಕೊಟ್ಟ ಕಣಗಳಲ್ಲಿ ಗಡ್ಡೆ ಸೇರುವುದು ಸಾಮಾನ್ಯವಾಗಿ ಶೇ. 0.7ರಷ್ಟು. ಉಳಿದದ್ದರಲ್ಲಿ ಹೆಚ್ಚಿನದನ್ನು ಲಿವರ್, ಗುಲ್ಮ ಹಿಡಿದುಕೊಳ್ಳುತ್ತವೆ. ಬಂಗಾರ ಅಲ್ಲಿ ಕರಗುವುದೂ ಇಲ್ಲ, ಬೇಗ ಹೊರಗೆ ಹೋಗುವುದೂ ಇಲ್ಲ. 2023ರ ನೊಬೆಲ್ ತಂದುಕೊಟ್ಟ ಕ್ವಾಂಟಮ್ ಡಾಟ್‌ಗಳಿಗೂ, ಅಂದರೆ ಬೆಳಕು ಬಿದ್ದರೆ ತಾವೇ ಹೊಳೆಯುವ ಅರೆವಾಹಕದ ನ್ಯಾನೋ ಕಣಗಳಿಗೂ, ಇಂಥದೇ ಕಷ್ಟ. ಚಿತ್ರ ಬಹಳ ಚೆನ್ನಾಗಿ ಕೊಡುತ್ತವೆ, ಆದರೆ ಅನೇಕವುಗಳಲ್ಲಿ ಕ್ಯಾಡ್ಮಿಯಂ ಇದೆ, ಅದು ವಿಷ.

ನನ್ನ ಪ್ರಕಾರ ಈ ವಿದ್ಯೆಯ ಅತಿ ದೊಡ್ಡ ಗೆಲುವು ಇವತ್ತಿಗೂ ಆ ಅಗ್ಗದ ಪಟ್ಟಿಯೇ. ಅಲ್ಲಿ ಬಂಗಾರ ಮೈಯೊಳಗೆ ಹೋಗಬೇಕಾಗಿಯೇ ಇಲ್ಲ. ಒಳಗೆ ಹೋಗಬೇಕಾದ ಕಡೆ ಗಂಟು ಬೀಳುವುದು ಅಳತೆಯಲ್ಲಿ. ಸುಮಾರು 6 ನ್ಯಾನೋಮೀಟರಿಗಿಂತ ಚಿಕ್ಕ ಕಣ ಮೂತ್ರಪಿಂಡ ದಾಟಿ ಹೊರಗೆ ಹೋಗುತ್ತದೆ. ಆದರೆ ಅಷ್ಟು ಚಿಕ್ಕ ಬಂಗಾರದ ಗುಂಡು ಕಿಟಕಿಯ ಬೆಳಕನ್ನು ಸರಿಯಾಗಿ ನುಂಗುವುದಿಲ್ಲ. ಅದಕ್ಕೇ ಚಿಕ್ಕ ಕಣಗಳನ್ನು ಗೊಂಚಲು ಮಾಡಿ ಕಳಿಸಿ, ಕೆಲಸ ಮುಗಿದ ಮೇಲೆ ಬಿಡಿಬಿಡಿಯಾಗಿ ಹೊರಬೀಳುವಂತೆ ಮಾಡುವ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ನಡೆದಿವೆ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.