ಅಭಿಪ್ರಾಯ ಕೇಳಿದರೆ ಸಾಲದು, ಉತ್ತರವನ್ನೂ ಕೊಡಿ

ನಮಸ್ಕಾರ. ಇವತ್ತು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ ಬಗ್ಗೆ ಮಾತಾಡೋಣ. ಪಾಠದ ಬಗ್ಗೆ ಅಲ್ಲ. ಪಾಠ ಮಾಡದೆ ಕಾಲೇಜು ನಡೆಸುವವರ ಬಗ್ಗೆ. ಅಡ್ಮಿಷನ್ ಕೌಂಟರ್‌ನಲ್ಲಿ ಕೂರುವವರು, ಫೈನಾನ್ಷಿಯಲ್ ಏಡ್ ಅಂದರೆ ಓದಿಗೆ ಸಿಗುವ ಹಣದ ನೆರವಿನ ಅರ್ಜಿ ನೋಡುವವರು, ಲ್ಯಾಬ್ ಟೆಕ್ನಿಷಿಯನ್‌ಗಳು, ಲೈಬ್ರರಿಯವರು, ರಾತ್ರಿ ಪಾಳಿಯಲ್ಲಿ ಕ್ಲಾಸ್‌ರೂಮ್ ಗುಡಿಸಿ ಒರೆಸುವವರು. ಇವರನ್ನೆಲ್ಲ ಸೇರಿಸಿ ಇಲ್ಲಿ ಕ್ಲಾಸಿಫೈಡ್ ಸ್ಟಾಫ್ ಅನ್ನುತ್ತಾರೆ. ಕರ್ನಾಟಕದಲ್ಲಿ ಬೋಧಕೇತರ ಸಿಬ್ಬಂದಿ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅವರೇ.

ನಮಗೇನು ಇದರಿಂದ ಅಂತೀರಾ? ಕ್ಯುಪರ್ಟಿನೊ, ಫ್ರೀಮಾಂಟ್ ಕಡೆಯ ಕನ್ನಡದ ಮನೆಗಳಲ್ಲಿ ಡಿ ಆಂಜಾ, ಓಲೋನಿ ಕಾಲೇಜುಗಳ ಹೆಸರು ಕೇಳದವರು ಕಡಿಮೆ. ಹೈಸ್ಕೂಲ್ ಮಕ್ಕಳು ಬೇಸಿಗೆಯಲ್ಲಿ ಅಲ್ಲಿ ಒಂದೆರಡು ಕ್ಲಾಸ್ ಮಾಡುತ್ತಾರೆ. ಎರಡು ವರ್ಷ ಅಲ್ಲಿ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗುವವರೂ ಇದ್ದಾರೆ. ರಾಜ್ಯದಲ್ಲಿ ಇಂಥ ಕಾಲೇಜುಗಳು 116. ಬಹುತೇಕ ಇವು ಡಿಸ್ಟ್ರಿಕ್ಟ್ ಅನ್ನುವ ಸ್ಥಳೀಯ ಆಡಳಿತ ಘಟಕಗಳ ಕೆಳಗೆ ಬರುತ್ತವೆ. ಡಿಸ್ಟ್ರಿಕ್ಟ್ ನಡೆಸುವುದು ಟ್ರಸ್ಟಿಗಳ ಬೋರ್ಡ್, ಆ ಟ್ರಸ್ಟಿಗಳನ್ನು ಆರಿಸುವುದು ಆಯಾ ಊರಿನ ಮತದಾರರು.

ಈಗ ವಿಷಯಕ್ಕೆ ಬರ್ತೀನಿ. 1988ರಲ್ಲಿ ಎಬಿ 1725 ಅನ್ನುವ ಕಾಯ್ದೆ ಬಂತು. ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳು, ಮೂವರಿಗೂ ಕಾಲೇಜಿನ ಆಡಳಿತದಲ್ಲಿ ಪಾಲ್ಗೊಳ್ಳುವ ಹಕ್ಕಿದೆ ಅಂತ ಅದು ಹೇಳಿತು. ಒಳ್ಳೆಯ ಕಾಯ್ದೆ. ಆದರೆ ಅದರ ನಂತರ ಬಂದ ನಿಯಮಗಳನ್ನು ಪಕ್ಕಪಕ್ಕ ಇಟ್ಟು ಓದಿ ನೋಡಿ.

ಅಧ್ಯಾಪಕರ ಸೆನೆಟ್‌ಗೆ, ಅಂದರೆ ಅವರ ಪ್ರತಿನಿಧಿಗಳ ಸಭೆಗೆ, ಪಠ್ಯಕ್ರಮ, ಡಿಗ್ರಿ ನಿಯಮ, ಗ್ರೇಡಿಂಗ್ ಹೀಗೆ ಕೆಲವು ವಿಷಯ ಗೊತ್ತುಮಾಡಿದ್ದಾರೆ. ಅವುಗಳಲ್ಲಿ ಬೋರ್ಡ್ ಸೆನೆಟ್‌ನ ಮಾತನ್ನೇ ಮುಖ್ಯವಾಗಿ ನಂಬಬೇಕು, ಇಲ್ಲವೇ ಇಬ್ಬರೂ ಒಪ್ಪಿ ತೀರ್ಮಾನಿಸಬೇಕು. ಮಾತನ್ನೇ ನಂಬುತ್ತೇವೆ ಅಂತ ಬೋರ್ಡ್ ಒಪ್ಪಿಕೊಂಡ ವಿಷಯದಲ್ಲಿ ಶಿಫಾರಸು ತಳ್ಳಿಹಾಕಿದರೆ, ಸೆನೆಟ್ ಕೇಳಿದಾಗ ಕಾರಣವನ್ನು ಬರೆದು ಕೊಡಬೇಕು.

ಸಿಬ್ಬಂದಿಗೆ? ತಮ್ಮ ಮೇಲೆ ದೊಡ್ಡ ಪರಿಣಾಮ ಬೀರುವ ವಿಷಯಗಳಲ್ಲಿ ಪಾಲ್ಗೊಳ್ಳುವ ಅವಕಾಶ. ತುರ್ತು ಸಂದರ್ಭ ಬಿಟ್ಟರೆ, ಆ ಅವಕಾಶ ಕೊಡದೆ ಬೋರ್ಡ್ ತೀರ್ಮಾನ ಮಾಡುವ ಹಾಗಿಲ್ಲ. ಅವರ ಶಿಫಾರಸನ್ನು ಎಲ್ಲ ರೀತಿಯಲ್ಲೂ ಸಮಂಜಸವಾಗಿ ಪರಿಗಣಿಸಬೇಕು. ಅಷ್ಟೇ. ಪರಿಗಣಿಸಿದೆವು ಅಂತ ತೋರಿಸುವುದು ಹೇಗೆ, ಬೇಡ ಅಂದರೆ ಯಾಕೆ ಬೇಡ ಅಂತ ಯಾರು ಹೇಳಬೇಕು, ಇದಕ್ಕೆ ಅಂಥ ಕಟ್ಟುಪಾಡು ಇಲ್ಲ. ಮಿನಿಟ್ಸ್‌ನಲ್ಲಿ 'ಸಿಬ್ಬಂದಿಯ ಅಭಿಪ್ರಾಯ ಪಡೆಯಲಾಯಿತು' ಅಂತ ಒಂದು ಸಾಲು ಬಿದ್ದರೆ ಕೆಲಸ ಮುಗಿಯಿತು.

ನನ್ನ ತಕರಾರು ಇರುವುದು ಇಲ್ಲೇ. ಕಮಿಟಿಯಲ್ಲಿ ಕುರ್ಚಿ ಇಲ್ಲ ಅಂತ ಅಲ್ಲ. ಕುರ್ಚಿ ಇದೆ. ಅನೇಕ ಕಾಲೇಜುಗಳಲ್ಲಿ ಕ್ಲಾಸಿಫೈಡ್ ಸೆನೆಟ್ ಇದೆ. ಇಡೀ ರಾಜ್ಯದ ಬೋರ್ಡ್ ಆಫ್ ಗವರ್ನರ್ಸ್‌ನಲ್ಲೂ ಅವರ ಪ್ರತಿನಿಧಿಗೆ ಸ್ಥಾನವಿದೆ. ಆದರೆ ಹೇಳಿದ ಮಾತಿಗೆ ಉತ್ತರ ಬರುವುದಿಲ್ಲ.

ಸುಮ್ನೆ ಸಿದ್ಧಾಂತ ಬೇಡ, ನಡೆದದ್ದನ್ನೇ ನೋಡೋಣ. 2021ರಲ್ಲಿ ಈ ಕಾಲೇಜುಗಳಿಗೆ ಸುಳ್ಳು ವಿದ್ಯಾರ್ಥಿಗಳ ಕಾಟ ಶುರುವಾಯಿತು. ಬಾಟ್ ಅನ್ನುವ ಸ್ವಯಂಚಾಲಿತ ಪ್ರೋಗ್ರಾಂಗಳ ಮೂಲಕ ಅರ್ಜಿ ಹಾಕಿ, ಆನ್‌ಲೈನ್ ಕ್ಲಾಸ್‌ಗೆ ಸೇರಿ, ಫೈನಾನ್ಷಿಯಲ್ ಏಡ್ ಹಣ ಹೊಡೆದುಕೊಂಡು ಹೋಗುವ ದಂಧೆ. ಅರ್ಜಿ ಹಾಕುವ ಪೋರ್ಟಲ್‌ಗೆ ಬರುತ್ತಿದ್ದ ಟ್ರಾಫಿಕ್‌ನಲ್ಲಿ ಶೇ. 20ರಷ್ಟು ಇಂಥದ್ದೇ ಅಂತ ಆಗ ಈ ಕಾಲೇಜುಗಳನ್ನೆಲ್ಲ ನೋಡಿಕೊಳ್ಳುವ ರಾಜ್ಯದ ಚಾನ್ಸಲರ್ ಕಚೇರಿಯೇ ಹೇಳಿತ್ತು. ಒಂದೊಂದು ಅರ್ಜಿಯನ್ನೂ ತೆರೆದು ಯಾವುದು ನಿಜ, ಯಾವುದು ಸುಳ್ಳು ಅಂತ ಜರಡಿ ಹಿಡಿಯುವ ಕೆಲಸ ಯಾರ ತಲೆಗೆ ಬಂತು? ಅಡ್ಮಿಷನ್ ಮತ್ತು ಏಡ್ ಆಫೀಸಿನವರ ತಲೆಗೆ. ಗುರುತು ಕೇಳುವುದನ್ನು ಬಿಗಿ ಮಾಡಿದರೆ ಕಳ್ಳರ ಜೊತೆ ನಿಜವಾದ ಬಡ ವಿದ್ಯಾರ್ಥಿಯೂ ಹೊರಗುಳಿಯಬಹುದು. ಆ ಗೆರೆ ಎಲ್ಲಿ ಎಳೆಯಬೇಕು ಅಂತ ಕೌಂಟರ್‌ನಲ್ಲಿ ಇಬ್ಬರನ್ನೂ ನೋಡಿದವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಇನ್ನೊಂದು. ಅಮೆರಿಕದ ಕೇಂದ್ರ ಸರ್ಕಾರದ ಫಾಫ್ಸಾ, ಅಂದರೆ ಫೈನಾನ್ಷಿಯಲ್ ಏಡ್ ಕೇಳಿ ವಿದ್ಯಾರ್ಥಿಗಳು ತುಂಬುವ ಅರ್ಜಿ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ತೆರೆಯಬೇಕು. ಹೊಸ ರೂಪದ ಅರ್ಜಿ ತೆರೆದದ್ದು 2023ರ ಡಿಸೆಂಬರ್ ಕೊನೆಗೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಅಪ್ಪ ಅಮ್ಮಂದಿರ ಅನೇಕ ಮಕ್ಕಳಿಗೆ ಮೊದಲ ಕೆಲವು ವಾರ ಅದನ್ನು ತುಂಬಿ ಮುಗಿಸುವುದೇ ಆಗಲಿಲ್ಲ. ತಪ್ಪು ವಾಷಿಂಗ್ಟನ್‌ನದು, ಕೌಂಟರ್ ಮುಂದೆ ಅಳುವ ಮಕ್ಕಳನ್ನು ಸಮಾಧಾನ ಮಾಡಿದ್ದು ಇವರು. ಕಾಲೇಜಿನ ಡೆಡ್‌ಲೈನ್ ಮುಂದೂಡಬೇಕೋ ಬೇಡವೋ ಅನ್ನುವ ತೀರ್ಮಾನದಲ್ಲಿ ಇವರ ಮಾತು ಮೊದಲು ಬೇಕಲ್ವಾ? ಊಟ ಬಡಿಸಿ ಆದಮೇಲೆ ಅಡುಗೆಯವರನ್ನು ಕರೆದು ಉಪ್ಪು ಎಷ್ಟು ಹಾಕೋಣ ಅಂತ ಕೇಳಿದರೆ ಏನು ಬಂತು?

ಸಮಯದ ಪ್ರಶ್ನೆಯೂ ಇದೆ. ಅಧ್ಯಾಪಕರಿಗೆ ಕಮಿಟಿ ಕೆಲಸ ಸಾಮಾನ್ಯವಾಗಿ ಹುದ್ದೆಯದೇ ಒಂದು ಭಾಗ. ಕ್ಲಾಸ್ ಮುಗಿಸಿ ಮೀಟಿಂಗ್‌ಗೆ ಹೋಗುತ್ತಾರೆ. ಕೌಂಟರ್‌ನಲ್ಲಿ ಇರುವವರು ಮಧ್ಯಾಹ್ನ ಎರಡು ಗಂಟೆಗೆ ಎದ್ದು ಹೋಗಬೇಕಾದರೆ ಸೂಪರ್‌ವೈಸರ್ ಒಪ್ಪಬೇಕು, ಜಾಗಕ್ಕೆ ಇನ್ನೊಬ್ಬರು ಬರಬೇಕು. ಬರದಿದ್ದರೆ ಪಕ್ಕದ ಸಹೋದ್ಯೋಗಿಯ ಮೇಲೆ ಹೊರೆ, ವಾಪಸ್ ಬಂದಾಗ ಅವರ ಮುಖ ನೋಡುವುದಕ್ಕೂ ಸಂಕೋಚ. ರಾತ್ರಿ ಪಾಳಿಯವರ ಕಥೆ ಕೇಳಲೇಬೇಡಿ, ಅವರಿಗೆ ಆ ಎರಡು ಗಂಟೆ ಅಂದರೆ ನಿದ್ದೆಯ ಹೊತ್ತು. ಹೀಗಾಗಿ ಮೀಟಿಂಗ್‌ಗೆ ಬರುವುದು ಬಿಡುವು ಸಿಗುವ ಅದೇ ನಾಲ್ಕು ಜನ. ಆಮೇಲೆ 'ಸಿಬ್ಬಂದಿಗೆ ಆಸಕ್ತಿ ಇಲ್ಲ' ಅಂತ ಮೇಲಿನವರು ಹೇಳುತ್ತಾರೆ. ನನಗೆ ಸಿಟ್ಟು ಬರುವುದು ಈ ಮಾತಿಗೇ.

ಯೂನಿಯನ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ, ಇರಲೇಬೇಕು. 2001ರ ಎಸ್‌ಬಿ 235 ಕಾಯ್ದೆ ಪ್ರಕಾರ ಕಮಿಟಿಗಳಿಗೆ ಕ್ಲಾಸಿಫೈಡ್ ಪ್ರತಿನಿಧಿಗಳನ್ನು ಕಳಿಸುವುದೂ ಯೂನಿಯನ್ನೇ. ಕೆಲವು ಕಡೆ ಇದರಿಂದ ಸೆನೆಟ್‌ಗೂ ಯೂನಿಯನ್‌ಗೂ ಜಗ್ಗಾಟ. ನನ್ನ ಪ್ರಕಾರ ನೇಮಕ ಯೂನಿಯನ್ ಕೈಯಲ್ಲೇ ಇರಲಿ, ಆಡಳಿತ ಮಂಡಳಿ ತನಗೆ ಬೇಕಾದವರನ್ನು ಆರಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಸಂಬಳ, ರಜೆ, ಬಡ್ತಿಯ ಚೌಕಾಸಿ ಬೇರೆ, ಕಾಲೇಜು ಹೇಗೆ ನಡೆಯಬೇಕು ಅನ್ನುವುದು ಬೇರೆ. ಎರಡನೆಯದಕ್ಕೂ ಜಾಗ ಬೇಕು.

ಹಾಗಂತ ಟ್ರಸ್ಟಿ ಬೋರ್ಡ್‌ನಲ್ಲಿ ಸಿಬ್ಬಂದಿಗೆ ಓಟು ಕೊಡಿ ಅಂತ ನಾನು ಹೇಳುತ್ತಿಲ್ಲ. ಕೆಲಸ ಬಿಡದೆ ತಮ್ಮದೇ ಡಿಸ್ಟ್ರಿಕ್ಟ್‌ನ ಬೋರ್ಡ್ ಸೇರಲು ನೌಕರರಿಗೆ ಕಾನೂನು ಬಿಡುವುದಿಲ್ಲ. ಅದು ಸರಿಯೇ, ತಮ್ಮ ಸಂಬಳಕ್ಕೆ ತಾವೇ ಕೈ ಎತ್ತುವ ಹಾಗಾಗಬಾರದು. ನಾನು ಕೇಳುವುದು ಎರಡೇ. ಸಿಬ್ಬಂದಿಯ ಶಿಫಾರಸು ತಳ್ಳಿಹಾಕಿದರೆ, ಅವರು ಕೇಳಿದಾಗ ಬೋರ್ಡ್ ಕಾರಣ ಬರೆದು ಕೊಡಲಿ. ಕಮಿಟಿಗೆ ಹೋಗುವ ಸಮಯ ಕೆಲಸದ ಸಮಯವೇ ಅಂತ ಪಾಲಿಸಿಯಲ್ಲಿ ಬರೆದು, ಕೌಂಟರ್‌ಗೆ ಬದಲಿ ಆಳು ಕೊಡಲಿ. ಇದಕ್ಕೆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಹೊಸ ಕಾಯ್ದೆಯೇ ಬರಬೇಕು ಅಂತಿಲ್ಲ. ಒಂದು ಡಿಸ್ಟ್ರಿಕ್ಟ್ ಬೋರ್ಡ್ ಮನಸ್ಸು ಮಾಡಿದರೆ ತನ್ನ ಸ್ಥಳೀಯ ಪಾಲಿಸಿಯಲ್ಲೇ ಬರೆದುಕೊಳ್ಳಬಹುದು.

ಬೋರ್ಡ್ ಮೀಟಿಂಗ್‌ಗಳು ಎಲ್ಲರಿಗೂ ತೆರೆದಿರುತ್ತವೆ. ಮಾಮೂಲಿ ಮೀಟಿಂಗ್‌ನ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು, ಸಾರ್ವಜನಿಕರಿಗೆ ಮಾತಾಡುವ ಅವಕಾಶ ಕೊಡಲೇಬೇಕು. ಸಿಟಿಜನ್ ಆಗಿರಬೇಕು ಅಂತಲೂ ಇಲ್ಲ, ವೀಸಾದಲ್ಲಿ ಇರುವವರೂ ಹೋಗಿ ಮಾತಾಡಬಹುದು. ಓಟು ಇರುವವರು ಮುಂದಿನ ಚುನಾವಣೆಯಲ್ಲಿ ಟ್ರಸ್ಟಿ ಹುದ್ದೆಗೆ ನಿಂತವರು ಬಾಗಿಲಿಗೆ ಬಂದಾಗ ಇಷ್ಟು ಕೇಳಿ: ಕಳೆದ ವರ್ಷ ಕ್ಲಾಸಿಫೈಡ್ ಸಿಬ್ಬಂದಿ ಬೋರ್ಡ್‌ಗೆ ಏನೇನು ಶಿಫಾರಸು ಕಳಿಸಿದರು, ಅದರಲ್ಲಿ ಯಾವುದಕ್ಕೆ ಉತ್ತರ ಕೊಟ್ಟಿದ್ದೀರಿ?