ಹಳೇ ಮನೆಗೆ ಲಿಫ್ಟ್: ಮೊದಲು ಪಾಯ ನೋಡಿ

ಕೇಳುಗರಿಗೆ ನಮಸ್ಕಾರ.

ಇಪ್ಪತ್ತು, ಮೂವತ್ತು ವರ್ಷದ ಹಿಂದೆ ಆಸೆಪಟ್ಟು ಮಹಡಿ ಮೇಲೆ ಮಹಡಿ ಕಟ್ಟಿಸಿದವರೇ, ಈ ಮಾತು ನಿಮಗೆ. ಆಗ ಮೆಟ್ಟಿಲು ಲೆಕ್ಕಕ್ಕೇ ಇರಲಿಲ್ಲ, ಅಲ್ವಾ? ಈಗ ಮಂಡಿ ಒಂದೊಂದನ್ನೂ ಎಣಿಸುತ್ತದೆ. ಮಕ್ಕಳು ಲಿಫ್ಟ್ ಹಾಕಿಸೋಣ ಅನ್ನುತ್ತಾರೆ. ಧಾರಾಳವಾಗಿ ಹಾಕಿಸಿ. ಆದರೆ ಅಡ್ವಾನ್ಸ್ ಕೊಡುವ ಮೊದಲು ಪಾಯ ನೋಡಿ. ಇವತ್ತು ನಾನು ಹೇಳಲು ಬಂದಿದ್ದು ಇದೊಂದೇ.

ಮಾಮೂಲಿ ಹಗ್ಗದ ಲಿಫ್ಟಿಗೆ ಕೆಳಗೆ ಸುಮಾರು 5 ಅಡಿ ಗುಂಡಿ ಬೇಕು. ಲಿಫ್ಟಿನೊಳಗೆ ‘6 ಜನ, 408 ಕೆ.ಜಿ.’ ಅನ್ನುವ ಬೋರ್ಡು ನೋಡಿರುತ್ತೀರಿ. ಅದು ಬರೀ ಜನರ ತೂಕ. ಪೆಟ್ಟಿಗೆ, ಅದನ್ನು ಸರಿದೂಗಿಸುವ ತೂಕದ ಗಟ್ಟಿಗಳು, ಹಳಿ, ಮೋಟಾರು, ಸುತ್ತಲ ಗೋಡೆ, ಎಲ್ಲದರ ಭಾರವೂ ಕೊನೆಗೆ ನೆಲಕ್ಕೇ ಇಳಿಯಬೇಕು. ದಾವಣಗೆರೆ ಕಡೆ ಎರೆಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ಸುಮ್ನೆ ಕಾಂಕ್ರೀಟ್ ಸುರಿದರೆ ನಿಲ್ಲುತ್ತದೆಯೇ?

ದಾವಣಗೆರೆಯ ಒಂದು ಮನೆ ವಿಷಯ ಹೇಳುತ್ತೇನೆ. ಮೂರು ಮಹಡಿ. ಅಜ್ಜಿಗಾಗಿ ಲಿಫ್ಟ್. ಮನೆಯವರು ಅಡ್ವಾನ್ಸ್ ಕೊಟ್ಟು, ನಕ್ಷೆ ಹಿಡಿದುಕೊಂಡು ನನ್ನನ್ನು ಕರೆದರು. ನಕ್ಷೆಯಲ್ಲಿ ಲಿಫ್ಟು ಗೋಡೆಗೆ ಅಂಟಿಕೊಂಡಿದೆ. ಅಗೆಯೋಕೆ ಶುರು ಮಾಡಿದರು. ಮೂರಡಿಗೆ ಹಾರೆ ಠಣ್ ಅಂದಿತು. ಕಲ್ಲು. ಇನ್ನೂ ಬಿಡಿಸಿದರೆ ಸೈಜುಗಲ್ಲಿನ ಪಾಯ, ಗೋಡೆಗಿಂತ ಒಂದೂವರೆ ಅಡಿ ಆಚೆಗೆ ಮೆಟ್ಟಿಲಿನ ಹಾಗೆ ಚಾಚಿಕೊಂಡಿದೆ! ಹಳೇ ಪಾಯ ಇರುವುದೇ ಹಾಗೆ, ಕೆಳಗೆ ಹೋದಂತೆ ಅಗಲ. ಮೇಸ್ತ್ರಿ ಸುತ್ತಿಗೆ ಎತ್ತಿದ. “ಎರಡು ಕಲ್ಲು ಕಿತ್ರೆ ಆಯ್ತು ಬಿಡಿ ಸಾರ್.” ನಾನು ಗುಂಡಿಗೇ ಇಳಿದು ನಿಂತೆ. ಮೂರು ಮಹಡಿ ಹೊತ್ತಿರುವ ಕಲ್ಲಪ್ಪ ಅದು! ಅಷ್ಟರಲ್ಲಿ ಅಜ್ಜಿ ಕಟ್ಟೆ ಮೇಲಿಂದ, “ನಿಮ್ಮ ತಾತ ಪಾಯಕ್ಕೆ ಎಷ್ಟು ಲೋಡು ಕಲ್ಲು ಇಳಿಸಿದ್ರು ಅಂತ ನನ್ನ ಕೇಳಿದ್ರೆ ಹೇಳ್ತಿದ್ದೆ” ಅಂದರು. ಯಾರೂ ಕೇಳಿರಲಿಲ್ಲ. ಗುಂಡಿ ಎರಡಡಿ ಆಚೆ ಸರಿಯಿತು, ಗಟ್ಟಿ ನೆಲ ಸಿಗುವವರೆಗೆ ಇಳಿಯಿತು. ಲಿಫ್ಟಿಗೂ ಮನೆಗೂ ನಡುವೆ ಪ್ರತಿ ಮಹಡಿಗೂ ಚಿಕ್ಕ ಸೇತುವೆ. ನಕ್ಷೆ ಹೊಸದು, ಖರ್ಚೂ ಹೊಸದು. ಅರ್ಧ ದಿನ ಮೊದಲೇ ಅಗೆದು ನೋಡಿದ್ದರೆ?

ಚಿತ್ರದುರ್ಗದವರದು ಉಲ್ಟಾ ತಲೆನೋವು. ಕೆಲವು ಕಡೆ ಎರಡಡಿಗೇ ಬಂಡೆ. ಅಂಥಲ್ಲಿ ಅರ್ಧ, ಒಂದು ಅಡಿ ಗುಂಡಿ ಸಾಕಾಗುವ ಹೋಮ್ ಲಿಫ್ಟ್ ವಿಚಾರಿಸಿ. ಆದರೂ ಮೊದಲು ಪಾಯ ನೋಡಿ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಮೆಟ್ಟಿಲಿನ ತಿರುವಿಗೆ ಲಿಫ್ಟಿನ ಬಾಗಿಲು ಇಡಿಸಬೇಡಿ, ಉಳಿದರ್ಧ ಮೆಟ್ಟಿಲು ಹತ್ತಲೇಬೇಕಾಗುತ್ತದೆ. ಕರೆಂಟ್ ಹೋದರೆ ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವ ಬ್ಯಾಟರಿ ಸಾಧನ ಇರಲಿ. ರಾಜ್ಯದಲ್ಲಿ ಲಿಫ್ಟಿಗೆಂದೇ 2012ರ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಬೇಕು. ಉಳಿದದ್ದು ನಿಮ್ಮ ಇಂಜಿನಿಯರ್ ಹೇಳುತ್ತಾರೆ, ಪಾಯ ನೋಡಿದ ಮೇಲೆ.

ಇನ್ನೊಂದು, ಮಳೆಗಾಲದಲ್ಲಿ ಮಾತ್ರ ಗುಂಡಿ ತೋಡಬೇಡಿ. ನಮಸ್ಕಾರ.