ಹುಣ್ಣಿಮೆಗೆ ಬೆಟ್ಟ ಸುತ್ತುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ಹುಣ್ಣಿಮೆ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ ತಿರುವಣ್ಣಾಮಲೈ ಬಸ್ಸಿಗೆ ನೂಕುನುಗ್ಗಲು ಶುರು. ಕೆಎಸ್‌ಆರ್‌ಟಿಸಿ ವಿಶೇಷ ಬಸ್ಸು ಬಿಟ್ಟರೂ ಸಾಲುವುದಿಲ್ಲ. ಹೊಸೂರು, ಕೃಷ್ಣಗಿರಿ, ಊತ್ತಂಗರೈ, ಚೆಂಗಂ ದಾಟಿದರೆ ಊರು ಸಿಕ್ಕಿತು, ಸುಮಾರು 200 ಕಿಲೋಮೀಟರ್ ದಾರಿ. ಬಸ್ಸಿನಲ್ಲಿ ಮನೆಮಂದಿ, ನೆರೆಹೊರೆ, ಆಫೀಸಿನ ಗೆಳೆಯರು ಎಲ್ಲರೂ ಇರುತ್ತಾರೆ. ಹೋಗುವುದು ಯಾತಕ್ಕೆ? ಒಂದು ಬೆಟ್ಟವನ್ನು ಬರಿಗಾಲಲ್ಲಿ ಸುತ್ತಿ ಬರುವುದಕ್ಕೆ. ತಮಿಳಿನಲ್ಲಿ ಇದಕ್ಕೆ ಗಿರಿವಲಂ ಅನ್ನುತ್ತಾರೆ.

ತಿರುವಣ್ಣಾಮಲೈ ಪಂಚಭೂತ ಕ್ಷೇತ್ರಗಳಲ್ಲಿ ಒಂದು. ಇಲ್ಲಿ ಶಿವ ಬೆಂಕಿಯ ರೂಪದಲ್ಲಿದ್ದಾನೆ ಎಂಬ ನಂಬಿಕೆ. ಬ್ರಹ್ಮ, ವಿಷ್ಣು ಇಬ್ಬರೂ ಬೆಂಕಿಯ ಕಂಬದ ತುದಿ ಬುಡ ಹುಡುಕಲು ಹೋದ ಕಥೆ ನಿಮಗೆ ಗೊತ್ತೇ ಇದೆ. ಆ ಬೆಂಕಿ ತಣಿದು ಅರುಣಾಚಲ ಬೆಟ್ಟ ಆಯಿತಂತೆ. ಹಾಗಾಗಿ ಬೆಟ್ಟದ ಮೇಲೆ ದೇವರಿದ್ದಾನೆ ಎಂದು ಇಲ್ಲಿ ಯಾರೂ ಹೇಳುವುದಿಲ್ಲ, ಬೆಟ್ಟವೇ ದೇವರು. ಗರ್ಭಗುಡಿಗೆ ಪ್ರದಕ್ಷಿಣೆ ಹಾಕಿದಂತೆ ಇಡೀ ಬೆಟ್ಟಕ್ಕೇ ಪ್ರದಕ್ಷಿಣೆ ಹಾಕಬೇಕು, ಸುಮಾರು 14 ಕಿಲೋಮೀಟರ್.

ಈ ವ್ರತದಲ್ಲಿ ನನಗೆ ಹಿಡಿಸಿದ್ದೇ ಇದು. ಟಿಕೆಟ್ ಇಲ್ಲ, ಸಂಕಲ್ಪ ಹೇಳಿಸುವವರು ಬೇಕಿಲ್ಲ. ಹಣ ಇದ್ದವನಿಗೂ ಇಲ್ಲದವನಿಗೂ ಅದೇ ಡಾಂಬರು ರಸ್ತೆ. ವಿಶೇಷ ದರ್ಶನ ಮಾಡಿಸೋಣ ಅಂದರೂ ಬೆಟ್ಟಕ್ಕೆ ಬಾಗಿಲೇ ಇಲ್ಲವಲ್ಲ.

ನಡೆಯುವುದಕ್ಕೆ ಒಂದು ಕ್ರಮ ಇದೆ. ದೇವಸ್ಥಾನದ ಪೂರ್ವದ ರಾಜಗೋಪುರದ ಮುಂದೆ ಶುರು ಮಾಡಬೇಕು. ಬೆಟ್ಟ ಯಾವಾಗಲೂ ಬಲಗಡೆ ಇರಬೇಕು. ಆದರೆ ನಾವು ರಸ್ತೆಯ ಎಡಮಗ್ಗುಲಲ್ಲೇ ನಡೆಯಬೇಕು. ಬೆಟ್ಟದ ಕಡೆಯ ಮಗ್ಗುಲು ಕಣ್ಣಿಗೆ ಕಾಣದ ಸಿದ್ಧರಿಗೆ ಮೀಸಲಂತೆ. ಅವಸರ ಮಾಡಬಾರದು. ಒಂಬತ್ತು ತಿಂಗಳು ತುಂಬಿದ ರಾಣಿ ನಡೆಯುವ ಹಾಗೆ ನಡೆಯಬೇಕು ಎಂದು ಹಿಂದಿನವರು ಹೇಳಿದ್ದಾರೆ. ನಮ್ಮವರು ಹೊಸದಾಗಿ ಹೋದಾಗ ಮೊದಲ ಒಂದು ಗಂಟೆ ಬಿರುಸಾಗಿ ನಡೆದು, ಆಮೇಲೆ ದಾರಿ ಬದಿಯಲ್ಲಿ ಪಾದ ಒತ್ತಿಕೊಳ್ಳುತ್ತಾ ಕೂರುವುದನ್ನು ನೋಡಿದರೆ ಆ ಮಾತಿನ ಬೆಲೆ ತಿಳಿಯುತ್ತದೆ.

ಎಂಟು ದಿಕ್ಕಿಗೆ ಎಂಟು ಲಿಂಗಗಳಿವೆ. ಪೂರ್ವಕ್ಕೆ ಇಂದ್ರ ಲಿಂಗ. ಅಲ್ಲಿಂದ ಅಗ್ನಿ, ಯಮ, ನಿರುತಿ, ವರುಣ, ವಾಯು, ಕುಬೇರ, ಕೊನೆಗೆ ಈಶಾನ್ಯ. ಯಮ ಲಿಂಗದ ಹತ್ತಿರ ಜನ ಬೇಗ ಕೈ ಮುಗಿದು ಮುಂದೆ ಹೋಗುತ್ತಾರೆ. ಕುಬೇರ ಲಿಂಗದ ಹತ್ತಿರ ಕ್ಯೂ ಕರಗುವುದೇ ಇಲ್ಲ. ಯಾಕೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ದಾರಿ ಮೊದಲು ಚೆಂಗಂ ರಸ್ತೆಯಲ್ಲಿ ಸಾಗುತ್ತದೆ. ಶೇಷಾದ್ರಿ ಸ್ವಾಮಿಗಳ ಆಶ್ರಮ, ಅದರ ಪಕ್ಕದಲ್ಲೇ ರಮಣಾಶ್ರಮ. ರಮಣರು ಹುಡುಗನಾಗಿ ಈ ಊರಿಗೆ ಬಂದಿಳಿದದ್ದು 1896ರ ಸೆಪ್ಟೆಂಬರ್ 1ರಂದು. 1950ರಲ್ಲಿ ತೀರಿಕೊಳ್ಳುವವರೆಗೆ ಬೆಟ್ಟ ಬಿಟ್ಟು ಹೋಗಲಿಲ್ಲ. ಅವರೂ ಭಕ್ತರ ಜೊತೆ ಬೆಟ್ಟ ಸುತ್ತುತ್ತಿದ್ದರು. ಮುಂದೆ ರಸ್ತೆ ಬಲಕ್ಕೆ ತಿರುಗಿದರೆ ಪೇಟೆಯ ಗದ್ದಲ ಹಿಂದೆ ಉಳಿಯುತ್ತದೆ. ಅರ್ಧ ದಾರಿ ಕಳೆದ ಮೇಲೆ ಆದಿ ಅಣ್ಣಾಮಲೈ ದೇವಸ್ಥಾನ. ಅಷ್ಟರಲ್ಲಿ ಯಾರೋ ದಾನಿಗಳು ದೊನ್ನೆಯಲ್ಲಿ ಬಿಸಿ ಪೊಂಗಲ್ ಕೈಗಿಡುತ್ತಾರೆ. ಸುಕ್ಕು ಕಾಫಿ, ಅಂದರೆ ನಮ್ಮ ಶುಂಠಿ ಕಾಫಿ, ಗಂಟಲಿಗೆ ಖಾರವಾಗಿ ಇಳಿಯುತ್ತದೆ. ಹಿಂದಿನಿಂದ ‘ಅರೋಹರಾ’ ಎಂಬ ಕೂಗು ಬಂದರೆ ಮುಂದಿನವರೂ ಕೂಗುತ್ತಾರೆ.

ಕುಬೇರ ಲಿಂಗ ದಾಟಿದ ಮೇಲೆ ಇಡುಕ್ಕು ಪಿಳ್ಳೈಯಾರ್ ಅಂತ ಒಂದು ಪುಟ್ಟ ಗುಡಿ ಸಿಗುತ್ತದೆ. ಗುಡಿ ಅನ್ನುವುದಕ್ಕಿಂತ ಕಲ್ಲಿನ ಸಂದಿ ಅನ್ನಬೇಕು. ಒಂದು ಕಡೆಯಿಂದ ಒಳಗೆ ನುಸುಳಿ ಇನ್ನೊಂದು ಕಡೆಯಿಂದ ಹೊರಗೆ ಬರಬೇಕು. ಮಲಗಿಕೊಂಡು, ಮಗ್ಗುಲಾಗಿ, ಮೊದಲು ಒಂದು ಕೈ, ಆಮೇಲೆ ತಲೆ, ಆಮೇಲೆ ಭುಜ. ದಪ್ಪಗಿರುವವರು ಸಂದಿಯನ್ನು ನೋಡಿ ಆಗಲ್ಲ ಅಂದುಬಿಡುತ್ತಾರೆ. ಸುತ್ತ ನಿಂತವರು ಬಿಡುವುದಿಲ್ಲ. ಕೈ ಹಿಂಗೆ ಇಡಿ, ಸೊಂಟ ತಿರುಗಿಸಿ ಎಂದು ತಮಿಳಿನಲ್ಲೇ ಹೇಳಿಕೊಡುತ್ತಾರೆ. ಭಾಷೆ ಬಾರದವರಿಗೂ ಅರ್ಥ ಆಗುತ್ತದೆ. ಅಂತೂ ಆಚೆ ಬಂದಾಗ ಅವರ ಮುಖ ನೋಡಬೇಕು!

ಇನ್ನು ಹೊತ್ತಿನ ವಿಚಾರ. ಇದರಲ್ಲಿ ನಮ್ಮ ಕಡೆಯವರು ಆಗಾಗ ಎಡವುತ್ತಾರೆ. ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಅಂತ ಒಂದು ದಿನಕ್ಕೆ ಗುರುತು ಇರುತ್ತದೆ. ಆದರೆ ತಿಥಿ ಹಿಂದಿನ ಸಂಜೆಯೇ ಶುರುವಾಗಿರಬಹುದು, ಗುರುತು ಹಾಕಿದ ದಿನ ಮಧ್ಯಾಹ್ನವೇ ಮುಗಿಯಬಹುದು. ಅದಕ್ಕೇ ಪ್ರತಿ ತಿಂಗಳೂ ದೇವಸ್ಥಾನದವರು ಗಿರಿವಲಂಗೆ ತಕ್ಕ ಹೊತ್ತು ಎಷ್ಟರಿಂದ ಎಷ್ಟರವರೆಗೆ ಎಂದು ಮುಂಚೆಯೇ ತಿಳಿಸುತ್ತಾರೆ. ಅದನ್ನು ನೋಡಿಕೊಂಡು ಹೊರಡುವುದು ಒಳ್ಳೆಯದು.

ತಮಿಳರ ಪಂಚಾಂಗದಲ್ಲಿ ಇನ್ನೊಂದು ಸೊಗಸಿದೆ. ಅವರ ತಿಂಗಳುಗಳು ಸೂರ್ಯನ ಲೆಕ್ಕದವು. ವ್ರತ ಮಾತ್ರ ಚಂದ್ರನ ಲೆಕ್ಕದ್ದು. ಹಾಗಾಗಿ ಹುಣ್ಣಿಮೆಯ ಆಸುಪಾಸಿನ ನಕ್ಷತ್ರ ಹಿಡಿದು ಹಬ್ಬ ಮಾಡುತ್ತಾರೆ. ವೈಕಾಸಿಯಲ್ಲಿ ವಿಶಾಖ, ಕಾರ್ತಿಗೈಯಲ್ಲಿ ಕೃತ್ತಿಕೆ, ತೈ ತಿಂಗಳಲ್ಲಿ ಪುಷ್ಯ (ಇದೇ ತೈಪೂಸ), ಮಾಸಿಯಲ್ಲಿ ಮಘೆ, ಪಂಗುನಿಯಲ್ಲಿ ಉತ್ತರೆ. ನಮಗೆ ಕಾರ ಹುಣ್ಣಿಮೆ, ಶೀಗಿ ಹುಣ್ಣಿಮೆ ಇದ್ದ ಹಾಗೆ ಅವರಿಗೆ ಇವು. ಆದರೆ ನಮ್ಮ ಹುಣ್ಣಿಮೆಗೂ ಅವರದಕ್ಕೂ ಖಾಯಂ ಜೋಡಿ ಕೂಡುವುದಿಲ್ಲ. 2024ರಲ್ಲಿ ತೈಪೂಸ ನಮ್ಮ ಬನದ ಹುಣ್ಣಿಮೆಯ ಹೊತ್ತಿಗೆ ಬಂತು. 2025ರಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ ಜಾರಿತು.

ಎಲ್ಲಕ್ಕಿಂತ ಜಾಸ್ತಿ ಜನ ಸೇರುವುದು ಚಿತ್ರಾ ಪೌರ್ಣಮಿಗೆ ಮತ್ತು ಕಾರ್ತಿಗೈ ದೀಪಕ್ಕೆ. ದೀಪದ ದಿನ ಸಂಜೆ ಆರು ಗಂಟೆಗೆ ಬೆಟ್ಟದ ತುದಿಯಲ್ಲಿ ದೊಡ್ಡ ಕೊಪ್ಪರಿಗೆಗೆ ತುಪ್ಪ ಸುರಿದು ಜ್ಯೋತಿ ಹಚ್ಚುತ್ತಾರೆ. 2024ರ ಡಿಸೆಂಬರ್‌ನಲ್ಲಿ ಫೆಂಗಲ್ ಚಂಡಮಾರುತದ ಮಳೆಗೆ ಇದೇ ಬೆಟ್ಟದ ಇಳಿಜಾರು ಕುಸಿದು 7 ಮಂದಿ ತೀರಿಹೋದರು. ಆ ವರ್ಷ ದೀಪದ ದಿನ ಭಕ್ತರನ್ನು ಬೆಟ್ಟ ಹತ್ತಲು ಬಿಡಲಿಲ್ಲ. ಕೆಲವರು ಗೊಣಗಿದರು. ನನಗಂತೂ ಅದು ಸರಿ ಅನಿಸಿತು. ಸುತ್ತುವ ಬೆಟ್ಟವನ್ನು ತುಳಿಯಲೇಬೇಕು ಅಂತ ಏನಿದೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಲ್ಲಿಂದ ಬಸ್ಸು ಹತ್ತುವವರಲ್ಲಿ ಬಹಳ ಮಂದಿಗೆ ತಾವು ಹೊಯ್ಸಳರ ಒಂದು ರಾಜಧಾನಿಗೆ ಹೋಗುತ್ತಿದ್ದೇವೆ ಎಂದು ಗೊತ್ತಿರುವುದಿಲ್ಲ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ದ್ವಾರಸಮುದ್ರದ ಮೇಲೆ, ಅಂದರೆ ನಮ್ಮ ಹಳೇಬೀಡಿನ ಮೇಲೆ, ಬಿದ್ದ. 1327ರ ಸುಮಾರಿಗೆ ದೆಹಲಿಯ ಸೈನ್ಯ ಮತ್ತೆ ಬಂತು. ಆಮೇಲೆ ಮುಮ್ಮಡಿ ವೀರ ಬಲ್ಲಾಳ ತಿರುವಣ್ಣಾಮಲೈಯಲ್ಲಿ ನೆಲೆ ಮಾಡಿಕೊಂಡ. ಶಾಸನಗಳಲ್ಲಿ ಇದು ಉಣ್ಣಾಮಲೆ ಪಟ್ಟಣ. ಇಲ್ಲಿಂದಲೇ ಅವನು ಮಧುರೆಯ ಸುಲ್ತಾನರ ಮೇಲೆ ಯುದ್ಧಕ್ಕೆ ಹೋದ. 1342ರಲ್ಲಿ ಸೆರೆ ಸಿಕ್ಕಿ ಸತ್ತ. ಆಗ ಅವನಿಗೆ ವಯಸ್ಸು 80 ದಾಟಿತ್ತು ಎಂದು ಆ ಕಾಲದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಕೊಂದವರು ಅವನ ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಗೋಡೆಗೆ ನೇತುಹಾಕಿದ್ದನ್ನು ತಾನೇ ಕಂಡೆ ಎಂದೂ ಹೇಳುತ್ತಾನೆ.

ನಮ್ಮ ಶಾಲೆಯ ಪಾಠದಲ್ಲಿ ಬಲ್ಲಾಳ ಇಲ್ಲಿಗೆ ಮುಗಿಯುತ್ತಾನೆ. ತಿರುವಣ್ಣಾಮಲೈಯಲ್ಲಿ ಮುಗಿಯುವುದಿಲ್ಲ. ಅಲ್ಲಿ ಅವನು ವಲ್ಲಾಳ ಮಹಾರಾಜ. ಊರಿನ ಕಥೆ ಪ್ರಕಾರ ಅವನಿಗೆ ಮಕ್ಕಳಿರಲಿಲ್ಲ. ಪರೀಕ್ಷೆ ಮಾಡಲು ಬಂದ ಶಿವ ಕೊನೆಗೆ ಕಿರಿಯ ರಾಣಿಯ ಕೈಯಲ್ಲಿ ಕೂಸಾದ. ಕೂಸಾದ ಮೇಲೆ ಮಗನ ಕರ್ತವ್ಯ ಬಿಡಲಾಗುತ್ತದೆಯೇ? ಹಾಗಾಗಿ ತೈಪೂಸದ ದಿನ ಅಣ್ಣಾಮಲೈಯಾರ್, ಅಂದರೆ ಇಲ್ಲಿನ ಶಿವನ, ಉತ್ಸವಮೂರ್ತಿ ಈಶಾನ್ಯದ ಕೊಳಕ್ಕೆ ಹೋದಾಗ ರಾಜ ತೀರಿಕೊಂಡ ಸುದ್ದಿ ಮುಟ್ಟಿಸುತ್ತಾರೆ. ಹೋಗುವಾಗ ವಾದ್ಯ, ಬರುವಾಗ ವಾದ್ಯ ಇಲ್ಲ. ತಿಂಗಳು ಕಳೆದು ಮಾಸಿ ಮಘೆಯ ದಿನ ದೇವರು ಪಳ್ಳಿಕೊಂಡಪಟ್ಟು ಎಂಬ ಹಳ್ಳಿಗೆ ಹೋಗಿ, ಗೌತಮ ನದಿಯ ದಡದಲ್ಲಿ ರಾಜನ ತಿಥಿ ಮಾಡುತ್ತಾನೆ. ಇದು ಇವತ್ತಿಗೂ ಪ್ರತಿ ವರ್ಷ ನಡೆಯುತ್ತದೆ. ಹಳೇಬೀಡಿನ ರಾಜನಿಗೆ ತಮಿಳುನಾಡಿನ ದೇವರು ಮಗನಾಗಿ ಶ್ರಾದ್ಧ ಮಾಡುವುದನ್ನು ನಾವು ಇಲ್ಲಿ ಎಷ್ಟು ಜನ ಕೇಳಿದ್ದೇವೆ ಹೇಳಿ?

ಮುಂದಿನ ಹುಣ್ಣಿಮೆಗೆ ಹೋಗುವವರು ಒಂದು ಅರ್ಧ ಗಂಟೆ ಮುಂಚೆ ತಲುಪಿ. ರಾಜಗೋಪುರ 217 ಅಡಿ, ಕೃಷ್ಣದೇವರಾಯ ಶುರು ಮಾಡಿಸಿದ್ದು. ಎಲ್ಲರೂ ಕತ್ತೆತ್ತಿ ನೋಡಿ, ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಒಳಗೆ ಹೋಗಿ. ಸಾವಿರ ಕಂಬದ ಮಂಟಪ, ಶಿವಗಂಗೆ ಕೊಳ ದಾಟಿ ನೇರ ಎದುರಿಗೆ ಸಿಗುವುದೇ ವಲ್ಲಾಳ ಮಹಾರಾಜ ಗೋಪುರ. ಅದನ್ನು ನೋಡಿ ಆಮೇಲೆ ನಡಿಗೆ ಶುರು ಮಾಡಿ. ಚಪ್ಪಲಿ ಬಸ್ಸಿನಲ್ಲೇ ಇರಲಿ. ಬೇಸಿಗೆಯಾದರೆ ಕತ್ತಲಾದ ಮೇಲೂ ಡಾಂಬರು ಬಿಸಿ ಇರುತ್ತದೆ, ತಡವಾಗಿ ಹೊರಡಿ. ನೀರು ಕುಡಿದ ಬಾಟಲಿ, ಪೊಂಗಲ್ ತಿಂದ ದೊನ್ನೆ ದಾರಿಯಲ್ಲಿ ಎಸೆಯಬೇಡಿ. ಈಶಾನ್ಯ ಲಿಂಗ ಬಂದಾಗ ಮುಗಿಯಿತು ಅಂದುಕೊಳ್ಳಬೇಡಿ, ರಾಜಗೋಪುರಕ್ಕೆ ಇನ್ನೂ ಸ್ವಲ್ಪ ದೂರ ಇದೆ.

ನಮಸ್ಕಾರ.